ಓದುಗರ ಸ್ಪಂದನ: ನೋವಿಲ್ಲದ ಗಂಟು, ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಕಳೆದ ಸಂಚಿಕೆಯ ಸಮಸ್ಯೆ: "ನನಗೆ 46 ವರ್ಷ. ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆ ನಮ್ಮದು. ದೀಪಾವಳಿ ಸಮಯದಲ್ಲಿ ಸ್ನಾನ ಮಾಡುವಾಗ ಎಡ ಸ್ತನದಲ್ಲಿ, ಕಂಕುಳ ಹತ್ತಿರ, ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಎರಡು ಸಲ ಮುಟ್ಟಾಗಿ ಹೋದರೂ ಹಾಗೆಯೇ ಇದೆ. ಅತ್ತೆಗೆ ಹೇಳಿದೆ. ಹರಳೆಣ್ಣೆ ಹಚ್ಚಿ ಕಾವು ಕೊಡು, ಕರಗುತ್ತದೆ ಎಂದರು. ಯಜಮಾನರಿಗೆ ಹೇಳಿಲ್ಲ. ಈಗ ಕೊಯ್ಲಿನ ಸಮಯ, ಆಳು ಸಿಗುವುದೇ ಕಷ್ಟ. ನಮ್ಮ ಕಡೆ ಯಾರಿಗೂ ಕ್ಯಾನ್ಸರ್ ಬಂದದ್ದಿಲ್ಲ. ಗಂಡಸು ಡಾಕ್ಟರಿಗೆ ತೋರಿಸಲು ಸಂಕೋಚ. ರೋಬಸ್ಟಾ ಮುಗಿದು ಮಾರ್ಚ್‌ನಲ್ಲಿ ಹೋದರೆ ತೊಂದರೆಯಾ?" (ಹೆಸರು ಬೇಡ)

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ಕಾಯಬೇಡ. ಈ ವಾರವೇ ಹೋಗು. ಉಳಿದದ್ದನ್ನು ಬಸ್ಸಿನಲ್ಲಿ ಓದಿದರೂ ನಡೆದೀತು.

'ನೋವಿಲ್ಲ' ಎಂದು ನೀನು ಧೈರ್ಯಕ್ಕೆ ಬರೆದಂತಿದೆ. ಸರ್ಜರಿ ವಾರ್ಡಿನಲ್ಲೇ ಆಯುಷ್ಯ ಕಳೆದ ನನಗೆ ಆ ಮಾತು ಓದಿ ಧೈರ್ಯ ಬರಲಿಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಅದಕ್ಕೇ ಜನ ತಡ ಮಾಡುವುದು. ಮುಟ್ಟಿನ ಮುಂಚೆ ಎರಡೂ ಸ್ತನ ಬಿಗಿದು ನೋಯುವುದು, ಅಲ್ಲಲ್ಲಿ ಗಂಟುಗಂಟಾಗಿ ಸಿಗುವುದು, ಮುಟ್ಟು ಕಳೆದ ಮೇಲೆ ಇಳಿಯುವುದು ಬೇರೆ. ಅದು ಹಾರ್ಮೋನಿನ ಏರುಪೇರು. ನಿನ್ನದು ಎರಡು ಮುಟ್ಟು ಕಳೆದರೂ ಕದಲಿಲ್ಲ. ಜೊತೆಗೆ ಅದು ಇರುವ ಜಾಗ, ಕಂಕುಳ ಕಡೆಯ ಮೇಲ್ಭಾಗ. ಸ್ತನ ಕ್ಯಾನ್ಸರ್ ಹೆಚ್ಚು ಕಾಣಿಸಿಕೊಳ್ಳುವುದೂ ಅಲ್ಲೇ. ಇಷ್ಟರಿಂದ ಅದು ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ, ಹೇಳಲು ಯಾರಿಂದಲೂ ಆಗದು. ತೋರಿಸದೆ ಬಿಡುವ ಗಂಟು ಇದಲ್ಲ ಎಂದಷ್ಟೇ ಹೇಳುತ್ತೇನೆ.

ಗಂಟೊಂದನ್ನೇ ನೋಡಬೇಡ. ಕನ್ನಡಿ ಮುಂದೆ ನಿಂತು ಕೈ ಎರಡೂ ಮೇಲೆತ್ತು, ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಒತ್ತು. ಚರ್ಮ ಎಲ್ಲಾದರೂ ಗುಳಿ ಬಿದ್ದಂತೆ ಒಳಕ್ಕೆ ಎಳೆದುಕೊಳ್ಳುತ್ತದಾ? ಮುಂಚೆ ಸರಿಯಿದ್ದ ತೊಟ್ಟು ಈಗ ಒಳಕ್ಕೆ ಹೋಗಿದೆಯಾ, ಒಂದು ಕಡೆ ತಿರುಗಿದೆಯಾ? ಹುಟ್ಟಿನಿಂದಲೇ ಒಳಗಿದ್ದರೆ ಚಿಂತೆ ಇಲ್ಲ, ಹೊಸದಾಗಿ ಆಗಿದ್ದರೆ ಹೇಳಬೇಕು. ಒಂದೇ ತೊಟ್ಟಿನಿಂದ, ಹಿಂಡದೆಯೇ, ರಕ್ತ ಅಥವಾ ತಿಳಿನೀರು ಬಂದು ಒಳಉಡುಪಿಗೆ ಕಲೆಯಾದರೂ ಹೇಳಬೇಕು. ಕಂಕುಳಲ್ಲಿ ಗಂಟು ಸಿಕ್ಕರೂ ಅಷ್ಟೇ. ಇನ್ನೊಂದು, ಚರ್ಮ ದಪ್ಪಗಾಗಿ ಸಣ್ಣ ಸಣ್ಣ ಕುಳಿ ಕಾಣುವುದು. ಡಾಕ್ಟರರ ಪುಸ್ತಕದಲ್ಲಿ ಇದನ್ನು ಕಿತ್ತಳೆ ಸಿಪ್ಪೆಗೆ ಹೋಲಿಸುತ್ತಾರೆ. ಕೊಡಗಿನವರಿಗೆ ಕಿತ್ತಳೆ ಸಿಪ್ಪೆ ಹೇಗಿರುತ್ತದೆ ಅಂತ ನಾನು ಹೇಳಬೇಕಾ!

ಆಸ್ಪತ್ರೆಯಲ್ಲಿ ಮೂರು ಹಂತ. ಮೊದಲು ಕೈಯಿಂದ ಪರೀಕ್ಷೆ. ಆಮೇಲೆ ನಿನ್ನ ವಯಸ್ಸಿಗೆ ಮ್ಯಾಮೊಗ್ರಾಂ, ಸಾಮಾನ್ಯವಾಗಿ ಜೊತೆಗೊಂದು ಅಲ್ಟ್ರಾಸೌಂಡ್. ಮ್ಯಾಮೊಗ್ರಾಂ ಅಂದರೆ ಎರಡು ಪ್ಲೇಟಿನ ನಡುವೆ ಸ್ತನವನ್ನು ಅಮುಕಿ ತೆಗೆಯುವ ಎಕ್ಸ್‌ರೇ. ಕೆಲವು ಸೆಕೆಂಡು ಬಿಗಿಯುತ್ತದೆ, ಅಷ್ಟೇ. ಅನುಮಾನ ಉಳಿದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ಚೂರು ಮಾಂಸ ತೆಗೆಯುತ್ತಾರೆ, ಅದೇ ಬಯಾಪ್ಸಿ. 'ಸೂಜಿ ಚುಚ್ಚಿದರೆ ಹರಡುತ್ತದೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಳ್ಳು. ಆ ಮಾತು ಕೇಳಿ ಎದ್ದು ಹೋದವರನ್ನು ಮತ್ತೆ ನೋಡಿದಾಗ ಗಂಟು ಒಡೆದು ಹುಣ್ಣಾಗಿದ್ದುದುಂಟು.

ಸಂಕೋಚದ ವಿಷಯ. ಲೇಡಿ ಡಾಕ್ಟರು ಬೇಕೆಂದು ಓಪಿಡಿ ಚೀಟಿ ಮಾಡಿಸುವಾಗಲೇ ಕೇಳು, ಅದರಲ್ಲಿ ತಪ್ಪಿಲ್ಲ. ಗಂಡಸು ಡಾಕ್ಟರೇ ನೋಡುವುದಾದರೆ ಪಕ್ಕದಲ್ಲಿ ಸಿಸ್ಟರ್ ಇರಬೇಕು. ಇಲ್ಲದಿದ್ದರೆ 'ಸಿಸ್ಟರನ್ನು ಕರೆಯಿರಿ' ಎನ್ನು. ಕರೆಯುತ್ತಾರೆ.

ಅತ್ತೆಯವರ ಮೇಲೆ ಸಿಟ್ಟಾಗಬೇಡ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ನಾನೂ ತಪ್ಪಿಸುವುದಿಲ್ಲ. ಆದರೆ ಈ ಗಂಟಿಗೆ ಹರಳೆಣ್ಣೆ ಮದ್ದಲ್ಲ. ಬಿಸಿ ಕಾವು ಕೊಟ್ಟು ಚರ್ಮ ಸುಟ್ಟುಕೊಂಡರೆ ಪರೀಕ್ಷೆ ಮಾಡುವವರಿಗೂ ಕಷ್ಟ.
(ನಿವೃತ್ತ ಶುಶ್ರೂಷಕಿ, ಮಡಿಕೇರಿ)

ನಾನು ಟೈಲರ್. ಡಾಕ್ಟರಿಕೆ ಗೊತ್ತಿಲ್ಲ, ಅಳತೆ ಗೊತ್ತು. ಖಾಯಂ ಗಿರಾಕಿಗಳ ಅಳತೆ ನನ್ನ ಪುಸ್ತಕದಲ್ಲಿ ವರ್ಷಗಟ್ಟಲೆ ಇರುತ್ತದೆ. ಒಬ್ಬರು ಮದುವೆ ಮನೆಗೆ ಹೊಲಿಸಿದ ರವಿಕೆಯನ್ನು ವಾಪಸ್ ತಂದು ಬಲಗಡೆ ಟಕ್ಸ್ ಸರಿ ಕೂರುತ್ತಿಲ್ಲ, ನೆರಿಗೆ ಬೀಳುತ್ತಿದೆ ಎಂದು ಜಗಳ ಮಾಡಿದರು. ಬಿಚ್ಚಿ ಹೊಲಿದೆ, ಮತ್ತೆ ನೆರಿಗೆ. ಅದೇ ಅಳತೆ, ಅದೇ ಕತ್ತರಿ. ಕೊನೆಗೆ ಟೇಪು ಹಿಡಿದು ನೋಡಿದರೆ ಒಂದು ಬದಿಯೇ ಮೇಲಕ್ಕೆ ಎಳೆದಂತಾಗಿತ್ತು. 'ಅಕ್ಕಾ, ಇದು ಬಟ್ಟೆಯ ದೋಷ ಅಲ್ಲ, ಒಮ್ಮೆ ಆಸ್ಪತ್ರೆಗೆ ಹೋಗಿ' ಎಂದೆ. ಹೋದರು. ಮುಂದಿನದು ಅವರ ಖಾಸಗಿ ವಿಷಯ, ನಾನು ಬರೆಯುವುದಿಲ್ಲ. ಎರಡೂ ಬದಿ ತುಸು ಹೆಚ್ಚುಕಮ್ಮಿ ಇರುವುದು ಎಲ್ಲರಿಗೂ ಸಹಜ. ಇದ್ದಕ್ಕಿದ್ದಂತೆ ಒಂದೇ ಬದಿ ಬದಲಾದರೆ ಟೈಲರನ್ನು ಬಯ್ಯುವ ಮುಂಚೆ ಯೋಚಿಸಿ.
(ಸೋಮವಾರಪೇಟೆ)

ಅಕ್ಕಾ, ನಿಮ್ಮನ್ನು ಹೆದರಿಸುವ ಉತ್ತರಗಳೇ ಹೆಚ್ಚು ಬರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗ ನನಗೂ ಗಂಟು ಸಿಕ್ಕಿತ್ತು. ಮುಟ್ಟಿದರೆ ಗೋಲಿಯಂತೆ ಜಾರುತ್ತಿತ್ತು. ನಿದ್ದೆಗೆಟ್ಟು ಮೊಬೈಲಿನಲ್ಲಿ ಹುಡುಕಿ ಹುಡುಕಿ ನನಗೆ ನಾನೇ ಕ್ಯಾನ್ಸರ್ ಕೊಟ್ಟುಕೊಂಡಿದ್ದೆ. ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ ಆಗಿ ಫೈಬ್ರೊಅಡಿನೋಮಾ ಎಂದು ಬಂತು, ಕ್ಯಾನ್ಸರಲ್ಲದ ಗಂಟು. ತೆಗೆಯಲೂ ಇಲ್ಲ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಹೀಗೆ ನಿರಪಾಯದವೇ, ನೀರುಗಂಟೂ ಇರುತ್ತದೆ. ಆದರೆ 20ರ ಹುಡುಗಿಗೂ 46ರವರಿಗೂ ವ್ಯತ್ಯಾಸ ಇದೆ, ವಯಸ್ಸು ಏರಿದಂತೆ ಅನುಮಾನವೂ ಏರುತ್ತದೆ. ಹಾಗಾಗಿ ನನ್ನ ಕಥೆ ಓದಿ ಮನೆಯಲ್ಲೇ ಕೂರಬೇಡಿ. 'ಏನೂ ಇಲ್ಲ' ಎಂದು ಹೇಳಬೇಕಾದವರು ಡಾಕ್ಟರು, ನಾನಾಗಲಿ ನಿಮ್ಮ ಅತ್ತೆಯಾಗಲಿ ಅಲ್ಲ.

ಉಳಿದವರಿಗೂ ಒಂದು ಮಾತು. ನಿಮ್ಮ ಮೈ ನಿಮಗೆ ಗೊತ್ತಿರಲಿ. ಮುಟ್ಟು ಮುಗಿದು ಮೂರ್ನಾಲ್ಕು ದಿನಕ್ಕೆ ಸ್ತನ ಮೆತ್ತಗಿರುತ್ತದೆ, ಆಗ ಬೆರಳ ತುದಿ ಬಿಟ್ಟು ಮೂರು ಬೆರಳ ಮಟ್ಟಸ ಭಾಗದಿಂದ ಕಂಕುಳವರೆಗೂ ಒತ್ತಿ ನೋಡಿ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಖು ಇಟ್ಟುಕೊಳ್ಳಿ.
(ವಿರಾಜಪೇಟೆಯವಳು, ಈಗ ಬೆಂಗಳೂರು)

ಇದು ನಿಮ್ಮ ಯಜಮಾನರಿಗೆ. ಪತ್ರಿಕೆಯನ್ನು ಮಡಚಿ ಅವರ ಕಾಫಿ ಲೋಟದ ಪಕ್ಕ ಇಡಿ.

ಸ್ವಾಮಿ, ನಾನೂ ಬೆಳೆಗಾರ. ಹಣ್ಣು ಉದುರುವ ಕಷ್ಟ, ಆಳಿನ ಕಷ್ಟ, ಕಣದಲ್ಲಿ ಹರಡಿದ ಮೇಲೆ ಮಳೆ ಬರುವ ಕಷ್ಟ ಎಲ್ಲ ಗೊತ್ತು. ಆದರೂ ಹೇಳುತ್ತೇನೆ, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಮಾಡಬೇಡಿ. ಗಂಟು ಸಣ್ಣದಿರುವಾಗ ಆಪರೇಷನ್ನೂ ಸಣ್ಣದು, ಖರ್ಚೂ ಕಮ್ಮಿ. ನಿಮ್ಮ ಮನೆಯವರು ನಿಮಗೆ ಹೇಳದೆ ಪತ್ರಿಕೆಗೆ ಬರೆದಿದ್ದಾರೆಂದರೆ ಕೊಯ್ಲಿನ ಮುಂದೆ ಅವರ ಮಾತು ನಡೆಯುವುದಿಲ್ಲ ಎಂದು ಅಂದುಕೊಂಡಿದ್ದಾರೆ.

ಹಣದ ಲೆಕ್ಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಯೋಜನೆಯ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತೋಟ ಇರುವ ನಮ್ಮಂಥವರಲ್ಲಿ ಹೆಚ್ಚಿನವರು ಎಪಿಎಲ್, ಅದಕ್ಕೇ ಬರೆದೆ. ಮುಖ್ಯವಾದ್ದು, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಬೇಕೆಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರ ಮೈಸೂರಿಗೆ ಕಾರು ಓಡಿಸಿ ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದವರನ್ನು ಕಂಡಿದ್ದೇನೆ. ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜರಿ ವಿಭಾಗ, ಅಲ್ಲಿಂದ ಮುಂದೆ ಮೈಸೂರೋ ಬೆಂಗಳೂರಿನ ಕಿದ್ವಾಯಿಯೋ ಅವರು ಬರೆದುಕೊಡಲಿ. ಕಾರು ತೋಟಕ್ಕೆ ಬೇಕಾದರೆ ಸರ್ಕಾರಿ ಬಸ್ಸಿದೆ, ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ಟಿಲ್ಲ. ನಿಮಗೆ ಮಾತ್ರ ಉಂಟು, ಕೊಟ್ಟು ಜೊತೆಗೆ ಹೋಗಿ.
(ಕಾಫಿ ಬೆಳೆಗಾರ, ಪೊನ್ನಂಪೇಟೆ)

ನಾನು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ನಾವೊಂದು ಫಾರಂ ತುಂಬುತ್ತೇವೆ. ಅದರಲ್ಲಿ ಹೆಂಗಸರಿಗೆ ಸ್ತನದ ಬಗ್ಗೆ ಮೂರು ಪ್ರಶ್ನೆ: ಸ್ತನದಲ್ಲಿ ಗಂಟಿದೆಯಾ, ತೊಟ್ಟಿನಿಂದ ರಕ್ತ ಬೆರೆತ ದ್ರವ ಬರುತ್ತಾ, ಆಕಾರ ಅಥವಾ ಗಾತ್ರ ಬದಲಾಗಿದೆಯಾ. ಜಗಲಿಯಲ್ಲಿ ಕೂತು ಕೇಳಿದರೆ ಏನಾಗುತ್ತದೆ ಗೊತ್ತಾ? ಮಾವ ಪೇಪರ್ ಓದುತ್ತಿರುತ್ತಾರೆ, ಮಗ ಮೊಬೈಲ್ ಹಿಡಿದಿರುತ್ತಾನೆ. 'ಇಲ್ಲ, ಇಲ್ಲ, ಇಲ್ಲ' ಎಂದು ಒಂದೇ ಉಸಿರಿಗೆ ಮೂರಕ್ಕೂ ಉತ್ತರ. ಅದಕ್ಕೇ ನಾನೀಗ ಅಡುಗೆಮನೆಗೆ ಹೋಗಿ ಕೇಳುತ್ತೇನೆ. ಅಕ್ಕಾ, ನಿಮ್ಮ ಊರಿನ ಆಶಾಗೂ ಹಾಗೇ ಒಳಗೆ ಕರೆದು ಹೇಳಬಹುದಿತ್ತು. ಆರೋಗ್ಯ ಉಪಕೇಂದ್ರದಲ್ಲಿ ತರಬೇತಾದವರು ಕೈಯಿಂದ ಪರೀಕ್ಷಿಸುತ್ತಾರೆ, ಹೆಚ್ಚಿನ ಕಡೆ ಹೆಂಗಸರೇ. 30ರಿಂದ 65ರ ಒಳಗಿನವರಿಗೆ ಐದು ವರ್ಷಕ್ಕೊಮ್ಮೆಯಾದರೂ ಈ ತಪಾಸಣೆ ಆಗಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಕೈಪರೀಕ್ಷೆ ಎಂದು ಹಗುರ ಮಾಡಬೇಡಿ. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷ ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಿಸಿಕೊಂಡ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಮ್ಮಿಯಾಗಿತ್ತು. ಆದರೆ ನಿಮಗೆ ಗಂಟು ಸಿಕ್ಕಾಗಿದೆ, ಉಪಕೇಂದ್ರದಲ್ಲಿ ನಿಲ್ಲದೆ ಸರ್ಜನ್ ಹತ್ತಿರವೇ ಹೋಗಿ.

ನನಗೆ ಹೆಚ್ಚು ಚಿಂತೆ ತೋಟದ ಕೂಲಿಯವರಿರುವ ಲೈನ್ ಮನೆಗಳದ್ದು. ಅಲ್ಲೊಬ್ಬರಿಗೆ ತೊಟ್ಟಿನ ಸುತ್ತ ಕಜ್ಜಿಯಂತೆ ಕೆಂಪಾಗಿ ಹೊಪ್ಪಳೆ ಏಳುತ್ತಿತ್ತು. ಮೆಡಿಕಲ್ ಶಾಪಿನಿಂದ ಟ್ಯೂಬು ತಂದು ಹಚ್ಚುತ್ತಲೇ ಇದ್ದರು. ಒಂದೇ ತೊಟ್ಟಿಗೆ ಆಗಿ ಮುಲಾಮಿಗೆ ವಾಸಿಯಾಗದ ಕಜ್ಜಿ ಪ್ಯಾಜೆಟ್ ಕಾಯಿಲೆ ಎಂಬ ಕ್ಯಾನ್ಸರಿನ ಗುರುತೂ ಇರಬಹುದು. ಹಾಲೂಡಿಸುವ ತಾಯಂದಿರಿಗೆ ಕೆಂಪಾಗಿ ಬಾತು ಜ್ವರ ಬಂದರೆ ಹೆಚ್ಚಾಗಿ ಅದು ಸೋಂಕೇ. ಆದರೆ ಮಾತ್ರೆಯ ಕೋರ್ಸು ಮುಗಿದರೂ ಇಳಿಯದಿದ್ದರೆ ಮತ್ತೆ ತೋರಿಸಲೇಬೇಕು. ಅಸ್ಸಾಮಿನಿಂದ ಬಂದ ಹೆಂಗಸರಿಗೆ ಇದನ್ನೆಲ್ಲ ಕೈಸನ್ನೆಯಲ್ಲೇ ಹೇಳುವ ಪಾಡು ನಮ್ಮದು. ಅವರಿಗೆ ಒಂದು ದಿನ ಆಸ್ಪತ್ರೆ ಎಂದರೆ ಒಂದು ದಿನದ ಕೂಲಿ ಹೋಯಿತು. ತೋಟದ ಮಾಲೀಕರು ಆ ದಿನದ ಕೂಲಿ ಹಿಡಿಯದಿದ್ದರೆ ನನ್ನ ಅರ್ಧ ಕೆಲಸ ಮುಗಿದಂತೆ.
(ಸಿದ್ದಾಪುರ ಕಡೆ)

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಈ ಕಾಯಿಲೆ ಬಂದ ನೂರು ಜನರಲ್ಲಿ ಗಂಡಸರು ಒಬ್ಬರೋ ಅದಕ್ಕಿಂತ ಕಮ್ಮಿಯೋ. ನಮ್ಮ ಎದೆಯಲ್ಲಿ ತೊಟ್ಟಿನ ಹಿಂದೆ ಗಟ್ಟಿ ಗಂಟು ಸಿಕ್ಕರೆ 'ಕೊಬ್ಬು' ಎಂದು ನಗಾಡಿ ಬಿಡಬಾರದು. ಇಷ್ಟೇ.
(ಗೋಣಿಕೊಪ್ಪಲು)

ನಿಮ್ಮ ಪತ್ರದ 'ನಮ್ಮ ಕಡೆ ಯಾರಿಗೂ ಬಂದದ್ದಿಲ್ಲ' ಎಂಬ ಸಾಲಿಗಾಗಿ ಬರೆಯುತ್ತಿದ್ದೇನೆ. ನಮ್ಮ ಕುಟುಂಬದಲ್ಲೂ ಇರಲಿಲ್ಲ, ನನಗೆ ಬಂತು. ವಂಶವಾಹಿಯಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಎಂದು ನನ್ನ ಡಾಕ್ಟರು ಹೇಳಿದರು. ಮಿಕ್ಕವರಲ್ಲಿ ಹೆಚ್ಚಿನವರ ಮನೆಗಳಲ್ಲಿ ಮೊದಲ ಹೆಸರು ಅವರದ್ದೇ. ಮಕ್ಕಳಿಗೆ ಹಾಲೂಡಿಸಿದ್ದೇನೆ, ಬೆಳಗಿನಿಂದ ಸಂಜೆವರೆಗೆ ದುಡಿಯುತ್ತೇನೆ ಎಂಬುದೂ ಪೂರ್ತಿ ರಕ್ಷಣೆ ಅಲ್ಲ.

ನನಗೆ ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿದರು. ಆಮೇಲೆ ಗಂಟನ್ನು, ಸುತ್ತಲಿನ ಸ್ವಲ್ಪ ಭಾಗವನ್ನು ತೆಗೆದು ಸ್ತನ ಉಳಿಸಿದರು. ಕೊನೆಗೆ ರೇಡಿಯೇಶನ್. ಅದಕ್ಕೆ ವಾರಕ್ಕೆ ಐದು ದಿನ ಹೋಗಬೇಕಿದ್ದರಿಂದ ಮೈಸೂರಿನಲ್ಲೇ ಸಣ್ಣ ರೂಮು ಮಾಡಿಕೊಂಡಿದ್ದೆವು, ಕುಶಾಲನಗರದಿಂದ ದಿನಾ ಓಡಾಡುವುದು ಮೈಗೆ ಆಗದು. ಕೂದಲು ಉದುರಿತು, ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಬಾಯಿ ಹುಣ್ಣು ಮಾತ್ರ ತುಂಬ ಕಾಡಿತು, ಅಕ್ಕಿ ರೊಟ್ಟಿ ಕಂಡರೆ ಅಳು ಬರುತ್ತಿತ್ತು. ಗಂಜಿಯಲ್ಲೇ ದಿನ ತಳ್ಳಿದೆ. ಈಗ ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ಎಲ್ಲರಿಗೂ ಇದೇ ಕ್ರಮ ಅಲ್ಲ. ಗಂಟಿನ ಗಾತ್ರ, ಬಗೆ, ಕಂಕುಳಿಗೆ ಹೋಗಿದೆಯೋ ಇಲ್ಲವೋ ನೋಡಿ ತೀರ್ಮಾನಿಸುತ್ತಾರೆ. ನಮ್ಮ ದೇಶದಲ್ಲಿ ಬಹಳ ಹೆಂಗಸರು ತಡವಾಗಿ ಬರುತ್ತಾರೆ, ಆಗ ಇಷ್ಟು ಆಯ್ಕೆ ಉಳಿದಿರುವುದಿಲ್ಲ.

ಹೋಗುವ ದಿನ ಮುಂದೆ ಹುಕ್ಸ್ ಇರುವ ರವಿಕೆ ಹಾಕಿಕೊಳ್ಳಿ, ಹಾಕಿ ತೆಗೆಯಲು ಸುಲಭ. ಕಂಕುಳಿಗೆ ಪೌಡರು, ಸ್ಪ್ರೇ ಬೇಡ, ಮ್ಯಾಮೊಗ್ರಾಂನಲ್ಲಿ ಚುಕ್ಕೆಯಾಗಿ ಕಂಡು ಗೊಂದಲ ಮಾಡುತ್ತದೆ. ಗಂಟು ಮೊದಲು ಸಿಕ್ಕಿದ್ದು ಯಾವಾಗ, ಕೊನೆಯ ಮುಟ್ಟು ಯಾವಾಗ, ಯಾವ ಮಾತ್ರೆ ತಿನ್ನುತ್ತೀರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಹರಳೆಣ್ಣೆ ಹಚ್ಚಿದ್ದನ್ನೂ ಮುಚ್ಚಿಡದೆ ಹೇಳಿ. ಬಯಾಪ್ಸಿ ವರದಿ ಬರುವ ದಿನ ಒಬ್ಬರೇ ಹೋಗಬೇಡಿ. ಆ ಕುರ್ಚಿಯಲ್ಲಿ ಕೂತಾಗ ಡಾಕ್ಟರು ಹೇಳಿದ್ದರಲ್ಲಿ ಅರ್ಧ ನಮ್ಮ ಕಿವಿಗೇ ಬೀಳುವುದಿಲ್ಲ, ಜೊತೆಗಿದ್ದವರು ಬರೆದುಕೊಳ್ಳಲಿ.
(ಕುಶಾಲನಗರ)