ಸಹಾಯ ಬೇಕು: ‘ಕಂಬೈನ್’ಗೆ ಕನ್ನಡದಲ್ಲಿ ಏನನ್ನಲಿ?

ಎಲ್ಲರಿಗೂ ನಮಸ್ಕಾರ. ಕೆನ್ ಕೀಸಿಯ 1962ರ ಕಾದಂಬರಿ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ನ ಕೆಲವು ಭಾಗಗಳನ್ನು ನಮ್ಮ ಓದುಗರ ಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ವಾರದಿಂದ ಒಂದೇ ಪದದ ಮುಂದೆ ಕೂತಿದ್ದೇನೆ.

ಕತೆ ಹೇಳುವ ಬ್ರಾಮ್ಡೆನ್ ಅಮೆರಿಕದ ಮೂಲನಿವಾಸಿ. ಒರೆಗಾನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಕಿವುಡ, ಮೂಗನಂತೆ ನಟಿಸುತ್ತಾ ಪೊರಕೆ ಹಿಡಿದು ಓಡಾಡುತ್ತಾನೆ. ಕೊಲಂಬಿಯಾ ನದಿಗೆ ಅಣೆಕಟ್ಟು ಬಂದು ಅವನ ಜನ ಮೀನು ಹಿಡಿಯುತ್ತಿದ್ದ ಜಲಪಾತವೇ ಇಲ್ಲವಾಗಿದೆ. ನರ್ಸ್ ರ್‍ಯಾಚೆಡ್‌ಳ ವಾರ್ಡನ್ನೂ ಹೊರಗಿನ ಲೋಕವನ್ನೂ ನಡೆಸುವ ಶಕ್ತಿಯನ್ನು ಅವನು ‘ಕಂಬೈನ್’ ಅನ್ನುತ್ತಾನೆ. ಪೈರು ಕೊಯ್ದು, ಬಡಿದು, ತೂರಿ ಕಾಳು ಮಾಡುವ ಯಂತ್ರ ಅದು. ಕೈಜೋಡಿಸಿದವರ ಕೂಟ ಎಂಬ ಅರ್ಥವೂ ಇದೆ. ‘ವ್ಯವಸ್ಥೆ’ ಅಂದರೆ ಭಾಷಣದ ಹಾಗಾಗುತ್ತೆ. ‘ಕಟಾವು ಯಂತ್ರ’ ಅಂದರೆ ಗಂಗಾವತಿ ಕಡೆಯ ಭತ್ತದ ಗದ್ದೆ ಕಣ್ಣಿಗೆ ಬರುತ್ತೆ, ಭಯ ಬರಲ್ಲ. ಇದರ 1975ರ ಸಿನಿಮಾ ವಾರ್ಡಿನ ಇನ್ನೊಬ್ಬ ರೋಗಿ ಮ್ಯಾಕ್‌ಮರ್ಫಿಯ ಸುತ್ತ ಇರುವುದರಿಂದ ಅಲ್ಲೂ ದಾರಿ ಸಿಗಲಿಲ್ಲ.

ಇನ್ನೊಂದು, ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್ ಅಕ್ಕಂದಿರು, ಅಣ್ಣಂದಿರು ಇದ್ದರೆ ದಯವಿಟ್ಟು ಹೇಳಿ. ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆಗೆ (ಇಸಿಟಿ) ‘ಕರೆಂಟ್ ಕೊಡೋದು’ ಅಂತ ರೋಗಿಗಳ ಮನೆಯವರು ಅನ್ನುವುದನ್ನು ಕೇಳಿದ್ದೇನೆ. ವಾರ್ಡಿನ ಒಳಗೆ, ನಿಮ್ಮ ನಿಮ್ಮಲ್ಲಿ ಏನನ್ನುತ್ತೀರಿ? ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಇಲ್ಲದೆ ಅದನ್ನು ಕೊಡುವಂತಿಲ್ಲ. ಕಾದಂಬರಿಯಲ್ಲಿ ಎಚ್ಚರವಿದ್ದಾಗಲೇ ಕೊಡುತ್ತಾರೆ, ಅದೇ ಶಿಕ್ಷೆ. ಆ ಪುಟದಲ್ಲಿ ಒಂದು ಪದವೂ ಸುಳ್ಳಾಗಬಾರದು ಅನ್ನೋದು ನನ್ನಾಸೆ.

ಭಾನುವಾರದೊಳಗೆ ಇಲ್ಲೇ ಬರೆದರೆ ತುಂಬಾ ಉಪಕಾರವಾಗುತ್ತೆ.