ಅಪ್‌ಡೇಟ್: ಫೋಟೋ ಕಂಪ್ಯೂಟರಿಗೆ ಬಂತು, ತೊಂದರೆ ಇದ್ದದ್ದು ಕೇಬಲ್‌ನಲ್ಲಿ

ಆಂಡ್ರಾಯ್ಡ್ ಫೋನನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ಬರೀ ಚಾರ್ಜ್ ಆಗುತ್ತೆ, ಫೋಟೋ ಕಾಣಲ್ಲ ಅಂತ ಕೇಳಿದ್ದೆನಲ್ಲ, ಬಗೆಹರಿಯಿತು. ಕೇಬಲ್ ಬದಲಿಸಿ ನೋಡಿ ಅಂದವರ ಮಾತೇ ಸರಿ. ಯುಎಸ್‌ಬಿ 2.0 ಕೇಬಲ್‌ನೊಳಗೆ 4 ತಂತಿ ಇರಬೇಕು: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿ ಹಾಕಿಯೇ ಇರೋದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗಲ್ಲ. ಮುಂಬೈಯವರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ‘ಡೇಟಾ ಕೇಬಲ್’ ಅಂತಲೇ ಕೇಳಿ, ಆದರೆ ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿ ನೋಡಿ ತಗೊಳ್ಳಿ.

ಸರಿಯಾದ ಕೇಬಲ್ ಇದ್ದರೂ ಫೋನಿನ ಲಾಕ್ ತೆಗೆದು, ನೋಟಿಫಿಕೇಶನ್ ಕೆಳಗೆಳೆದು, ಯುಎಸ್‌ಬಿ ಆಯ್ಕೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಒತ್ತಲೇಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಫೋನನ್ನು ತೆರೆದು ಡಿಸಿಐಎಂ (DCIM, ಫೋನಿನಲ್ಲಿ ತೆಗೆದ ಫೋಟೋ ಇರುವ ಫೋಲ್ಡರ್), ಅದರೊಳಗೆ ಕ್ಯಾಮೆರಾ ಫೋಲ್ಡರ್ ತೆರೆಯಿರಿ. ಸಾವಿರಾರು ಫೋಟೋ ಒಟ್ಟಿಗೆ ಎಳೆದರೆ ನಡುವೆ ನಿಂತುಬಿಡಬಹುದು, ನೂರಿನ್ನೂರರಂತೆ ಕಾಪಿ ಮಾಡಿ. ಕಟ್ ಮಾತ್ರ ಬೇಡ. ಎಣಿಕೆ ತಾಳೆ ನೋಡಿ, ನಾಲ್ಕಾರು ತೆರೆದು ನೋಡಿ, ಆಮೇಲೆ ಫೋನಿಂದ ಅಳಿಸಿ.

ಡ್ರೈವರ್ (ಫೋನನ್ನು ಗುರುತಿಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ಮತ್ತೆ ಹಾಕಿದ್ದರಿಂದ ಏನೂ ಆಗಲಿಲ್ಲ. ಬ್ಲೂಟೂತ್ ಒಂದೆರಡು ಫೋಟೋಗೆ ಸಾಕು, ಅಷ್ಟೇ. ವಾಟ್ಸಾಪಿನಲ್ಲಿ ನಮಗೇ ಕಳಿಸಿಕೊಳ್ಳುವ ಸಲಹೆಯಂತೂ ಬೇಡವೇ ಬೇಡ, ಫೋಟೋ ಕುಗ್ಗಿ ಗುಣಮಟ್ಟ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಮೂಲ ಫೈಲ್ ಉಳಿಯುತ್ತೆ.

ಹೊಸದಾಗಿ ತಿಳಿದದ್ದು: ವಾಟ್ಸಾಪಿನಲ್ಲಿ ಬಂದ ಫೋಟೋ ಡಿಸಿಐಎಂನಲ್ಲಿ ಇರೋದಿಲ್ಲ. ಈಗಿನ ಫೋನುಗಳಲ್ಲಿ ‘ಆಂಡ್ರಾಯ್ಡ್’ ಫೋಲ್ಡರಿನೊಳಗಿನ ‘ಮೀಡಿಯಾ’ದಲ್ಲಿ ಹುಡುಕಿ. ಫೈಲ್ ಹೆಸರಿನಲ್ಲಿರುವ 8 ಅಂಕಿಯೇ ತಾರೀಕು: ಮೊದಲು ವರ್ಷ, ಆಮೇಲೆ ತಿಂಗಳು, ದಿನ.