ಅಪ್‌ಡೇಟ್: ಪ್ರಾರ್ಥನೆಗೆ ಕೂರಲ್ಲ ಅಂತಿದ್ದ ಮಗ

ಹತ್ತನೇ ಕ್ಲಾಸಿನ ಮಗ ಮನೆಯ ಸಂಜೆ ಪ್ರಾರ್ಥನೆಗೆ ಕೂರುವುದಿಲ್ಲ, ಭಾನುವಾರ ಚರ್ಚಿನ ಆರಾಧನೆಗೂ ಬರುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಫೋನ್ ಕಿತ್ತಿಟ್ಟಿದ್ದರಿಂದ ಏನೂ ಆಗಲಿಲ್ಲ, ಬಾಗಿಲು ಹಾಕಿಕೊಂಡು ಕೂತ ಅಷ್ಟೇ. ಯೂತ್ ಕ್ಯಾಂಪಿಗೂ ಒಪ್ಪಲಿಲ್ಲ.

ಕೆಲಸ ಮಾಡಿದ್ದು, ಉಪದೇಶ ಬಿಟ್ಟು ಜೊತೆಗೆ ಕೂತು ಬೈಬಲಿನ ಮಾರ್ಕನ ಸುವಾರ್ತೆ ಓದಿ ಎಂದವರ ಸಲಹೆ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಊಟವಾದ ಮೇಲೆ ಸ್ವಲ್ಪ ಸ್ವಲ್ಪ ಓದಿದೆವು. 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಯೇಸುವಿನ ಹತ್ತಿರ ನಂಬುತ್ತೇನೆ ಎನ್ನುತ್ತಲೇ, ನನ್ನ ಅಪನಂಬಿಕೆ ನೀಗಿಸು ಎಂದೂ ಬೇಡಿಕೊಳ್ಳುತ್ತಾನಲ್ಲ, ಅಲ್ಲಿ ಮಗ ನಿಲ್ಲಿಸಿದ. "ಅಪ್ಪಾ, ದೇವರ ಹತ್ರ ಹೀಗೂ ಹೇಳಬಹುದಾ?"

ಆಮೇಲೆ ಬಾಯಿ ಬಿಟ್ಟ. ಅವನಿಗೆ ದೇವರ ಮೇಲೆ ಬೇಜಾರಿರಲಿಲ್ಲ, ನೆಂಟರೆದುರು ಗಟ್ಟಿಯಾಗಿ ಪ್ರಾರ್ಥನೆ ಮಾಡಿಸುವುದೇ ಮುಜುಗರವಂತೆ! ಅದನ್ನು ನಿಲ್ಲಿಸಿದ್ದೇವೆ. ಅಜ್ಜಿಗೆ ಮಾತ್ರ ಸಿಟ್ಟು. ಈಗ ಆರಾಧನೆಗೆ ಬರುತ್ತಾನೆ, ಹಿಂದಿನ ಬೆಂಚಿಗೆ. ಕಾಯರ್‌ಗೆ (ಚರ್ಚಿನ ಹಾಡುವ ತಂಡಕ್ಕೆ) ಸೇರು ಅಂತ ಇನ್ನೂ ಕೇಳಿಲ್ಲ.